ಕಟ್ಟೆ ಪದ್ಧತಿ

ದಾಕ್ಷಾಯಿಣಿ ಅಕ್ಕ ಮೊದಲ ದಿನ ತರಗತಿಗೆ ಕಾಲಿಟ್ಟಾಗ ನಾವೆಲ್ಲ ದಡಬಡಿಸಿ ಎದ್ದು ನಿಂತೆವು. ಹೊಸ ಮೇಡಂ ಬಂದರು ಅಂದುಕೊಂಡಿದ್ದೆವು. ಅವಳು ನಮ್ಮನ್ನೊಮ್ಮೆ ನೋಡಿ ನಕ್ಕು, "ಕೂಡ್ರಿ, ಕೂಡ್ರಿ, ನಾನೂ ನಿಮ್ಹಂಗ ಫೀ ತುಂಬಿ ಬಂದಾಕಿ" ಎನ್ನುತ್ತ ಹಿಂದಿನ ಬೆಂಚಿಗೆ ಬಂದು ನನ್ನ ಪಕ್ಕದಲ್ಲೇ ಕೂತಳು. ಆಳೆತ್ತರದ ಹೆಂಗಸು, ವಯಸ್ಸು ನಲವತ್ತರ ಹತ್ತಿರ. ಅಲ್ಲಿಯವರೆಗೆ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು, ಯಾವ ಬಸ್ಸು ಎಷ್ಟು ಹೊತ್ತಿಗೆ, ಎಲ್ಲಿ ನಿಲ್ಲುತ್ತದೆ, ತಡವಾದರೆ ಯಾಕೆ ತಡ ಎಂದು ಊರಿಗೆಲ್ಲ ಉತ್ತರ ಹೇಳಿದವಳು. ಅಂಥ ಕೆಲಸ ಬಿಟ್ಟು ಸಮಾಜಶಾಸ್ತ್ರದ ಎಂ.ಎ.ಗೆ ಯಾಕೆ ಬಂದಿರಿ ಎಂದು ಕೇಳಿದ್ದಕ್ಕೆ, "ಉತ್ತರ ಹೇಳಿ ಹೇಳಿ ಬ್ಯಾಸರಾತು ತಮ್ಮಾ. ಇನ್ಮ್ಯಾಲ ನಾನೂ ಒಂದೀಟು ಪ್ರಶ್ನಿ ಕೇಳ್ತೀನಿ" ಅಂದಳು.

ನಮ್ಮೂರಲ್ಲಿ ಪ್ರಶ್ನೆ ಕೇಳುವುದು ಸುಲಭ. ಯಾರ ಮನೆಗೆ ಹೋಗಿ ಕೇಳುವುದು ಅನ್ನುವುದೇ ತಲೆನೋವು. ಓಣಿಗಳು ಇದ್ದಲ್ಲೇ ಇರುತ್ತವೆ, ಗುಡಿ, ಮಸೀದಿ, ಬಾವಿ, ಸಂತೆಯ ಬಯಲು, ಕಾಲೇಜು ಎಲ್ಲವೂ ಇದ್ದಲ್ಲೇ. ಮನೆಗಳು ಮಾತ್ರ ಬೆಳಗಾಗುವುದರೊಳಗೆ ಜಾಗ ಬದಲಿಸಿರುತ್ತವೆ. ಮೊದಲು ಎದ್ದವರು ಕದ ತೆಗೆದು ಹೊರಗೆ ಇಣುಕಿ, "ಇವತ್ತ ಬಳಿಗಾರ ಓಣ್ಯಾಗ ಅದೀವಿ" ಎಂದು ಒಳಗಿದ್ದವರಿಗೆ ಕೂಗಿ ಹೇಳುವುದು ವಾಡಿಕೆ. ಪಾತ್ರೆಯ ಮೇಲೆ ಹೆಸರು ಕೆತ್ತಿಸುವುದು ಎಲ್ಲ ಊರಲ್ಲೂ ಉಂಟು. ನಮ್ಮಲ್ಲಿ ಏಣಿಯ ಮೇಲೂ ಹೆಸರು, ಬೀಸುವ ಕಲ್ಲಿನ ಮೇಲೂ ಹೆಸರು. ಸಂಜೆ ಎರವಲು ಕೊಟ್ಟ ಏಣಿ ಬೆಳಿಗ್ಗೆ ಊರಿನ ಯಾವ ಮೂಲೆಯಲ್ಲಿ ಇರುತ್ತದೋ ಯಾರಿಗೆ ಗೊತ್ತು? ಪಕ್ಕದ ಮನೆಯವರೊಂದಿಗೆ ಜಗಳಕ್ಕಿಳಿದವರು ದೀಪ ಹಚ್ಚುವುದರೊಳಗೆ ಮುಗಿಸಿಬಿಡುತ್ತಾರೆ, ಇಲ್ಲದಿದ್ದರೆ ಅರ್ಧ ಜಗಳ ಹೊಟ್ಟೆಯಲ್ಲೇ ಉಳಿಯುತ್ತದೆ. ನನ್ನ ಸೋದರತ್ತೆಯ ಮನೆ ನಮ್ಮ ಎದುರಿಗೆ ಬಂದು ನಿಂತ ದಿನ ನಾನು ಗ್ರಂಥಾಲಯ ಬಿಟ್ಟು ಏಳುತ್ತಿರಲಿಲ್ಲ. ನಮ್ಮ ಕಾಲೇಜಿನ ಹಾಸ್ಟೆಲ್ ಮಾತ್ರ ಕಟ್ಟಿದಲ್ಲಿಂದ ಅಲ್ಲಾಡಿಲ್ಲ. ಅದನ್ನು ಯಾರೂ ಮನೆ ಎಂದು ಕರೆದವರಿಲ್ಲ.

ನಮಗೆ ಸಂಶೋಧನಾ ವಿಧಾನಗಳನ್ನು ಕಲಿಸುತ್ತಿದ್ದವರು ತೊರಗಲ್ ಸರ್. ಆ ವಿಷಯವೆಂದರೆ ಉಳಿದವರಿಗೆ ಜಡ್ಡು ಬಂದಂತೆ, ಅವರಿಗೆ ಮಾತ್ರ ಹಬ್ಬ. "ಜ್ವಾಳದ ಚೀಲ ಕೊಳ್ಳಾಂವ ಚೀಲದ ಬಾಯಾಗ ಒಂದು ಹಿಡಿ ನೋಡಿದ್ರ ಆತೇನು? ತಳದಾಗೂ ಕೈ ಹಾಕಬೇಕು" ಎಂದು ತೋಳು ಮಡಚಿ, ಇಲ್ಲದ ಚೀಲಕ್ಕೆ ಭುಜದವರೆಗೆ ಕೈ ಇಳಿಸಿ ತೋರಿಸುತ್ತಿದ್ದರು. ಅದನ್ನೇ ಮಾದರಿ ಆಯ್ಕೆ ಅನ್ನುತ್ತಾರೆ ಎಂದು ಆಮೇಲೆ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಪುಸ್ತಕ ಹೇಳುವ ಪ್ರಕಾರ ಊರಿನ ಮನೆಗಳನ್ನೆಲ್ಲ ಸಾಲಾಗಿ ಪಟ್ಟಿ ಮಾಡಿ, ಇಷ್ಟು ಮನೆ ಬಿಟ್ಟು ಒಂದು ಮನೆ ಎಂದು ಆರಿಸಿಕೊಂಡು ಹೋಗಿ ಕೇಳಬೇಕು. ನಮ್ಮೂರಲ್ಲಿ ಪಟ್ಟಿಯ ಶಾಯಿ ಒಣಗುವುದರೊಳಗೆ ಸಾಲು ಚೆಲ್ಲಾಪಿಲ್ಲಿ. ಆದ್ದರಿಂದ ಹಿಂದಿನ ತಂಡಗಳೆಲ್ಲ ಕ್ಯಾಂಟೀನಿನಲ್ಲಿ ಕೂತು ಮಿರ್ಚಿ ಮಂಡಕ್ಕಿ ತಿನ್ನುತ್ತ ಪ್ರಶ್ನೆಯನ್ನೂ ಉತ್ತರವನ್ನೂ ತಾವೇ ಬರೆದು ಮುಗಿಸುತ್ತಿದ್ದವು. ಸರ್ ವರದಿಯನ್ನು ಮೂಗಿಗೆ ಹಿಡಿದು, "ಊರಿನ ವಾಸನಿ ಬರವಲ್ದಲ್ಲೋ, ಬರೀ ಎಣ್ಣಿ ವಾಸನಿ" ಎಂದು ಬೇಸರದಿಂದ ಸಹಿ ಹಾಕುತ್ತಿದ್ದರು. ವರ್ಷಗಟ್ಟಲೆ ಹಾಗೆ ಸಹಿ ಹಾಕುತ್ತ ಬಂದ ಆ ಮನುಷ್ಯನನ್ನು ನೆನೆದರೆ ಈಗಲೂ ಅಯ್ಯೋ ಅನ್ನಿಸುತ್ತದೆ.

ಅಕ್ಕ ಕ್ಯಾಂಟೀನಿನ ಕಡೆ ತಲೆ ಹಾಕಲಿಲ್ಲ. ಪಟ್ಟಿ ಹಿಡಿದು ಓಣಿ ಓಣಿ ತಿರುಗಿದಳು, ಚಪ್ಪಲಿ ಸವೆಸಿದಳು, ಒಂದೇ ಮನೆಗೆ ಎರಡೆರಡು ಸಲ ಹೋಗಿ ಬೈಸಿಕೊಂಡಳು. ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಿದ್ದವಳು ಇದ್ದಕ್ಕಿದ್ದಂತೆ ಅದರ ಮುಚ್ಚಳ ಮತ್ತೆ ಹಾಕಿದಳು.

"ತಮ್ಮಾ, ನಾವ್ಯಾಕ ಮನಿ ಹುಡುಕ್ಕೋತ ತಿರಗಬೇಕು? ಬಸ್ಸಿನ ಹಿಂದ ಓಡಾವ್ರಿಗೆ ಬಸ್ ಸಿಗೂದುಲ್ಲ. ಸ್ಟ್ಯಾಂಡಿನ್ಯಾಗ ಕುಂತ್ರ ಬಸ್ ತಾನ ಬರ್ತೈತಿ."

"ಅಂದ್ರ?"

"ಅಂದ್ರ ಒಂದು ಜಾಗಾ ಹಿಡಕೊಂಡು ಕೂಡೂದು. ದಿನಾ ಮುಂಜಾನೆ ಎದುರಿಗೆ ಯಾವ ಮನಿ ಬಂದಿರ್ತೈತೋ ಅದರ ಕದ ಬಡಿಯೂದು. ಚೀಟಿ ಎತ್ತೂದನ್ನ ಊರ ಮಾಡ್ಲಿ."

ಎಷ್ಟು ಸರಳ ನೋಡಿ. ಹುಟ್ಟಿದಾಗಿನಿಂದ ಈ ಊರಲ್ಲೇ ಬಿದ್ದುಕೊಂಡಿದ್ದ ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ತೊರಗಲ್ ಸರ್ ಇದನ್ನು ಕೇಳಿ, ಕೈಯಲ್ಲಿದ್ದ ಸೀಮೆಸುಣ್ಣದ ಜೊತೆಗೇ ಕುರ್ಚಿಯಲ್ಲಿ ಕುಸಿದು, "ಇನ್ನೊಮ್ಮೆ ಹೇಳವಾ" ಅಂದರು. ಅವಳು ಇನ್ನೊಮ್ಮೆ ಹೇಳಿದಳು. ಅವರು ಮೇಜು ಕುಟ್ಟಿ ಕುಟ್ಟಿ ನಕ್ಕರು. ಅದಕ್ಕೆ ಕಟ್ಟೆ ಪದ್ಧತಿ ಎಂದು ಹೆಸರಿಟ್ಟವರೂ ಅವರೇ. ತಾವು ಬರೆಯುತ್ತಿದ್ದ ಪಠ್ಯಪುಸ್ತಕದಲ್ಲಿ ಅದಕ್ಕೆಂದೇ ಒಂದು ಅಧ್ಯಾಯ ತೆಗೆದಿಟ್ಟರು.

ಕಟ್ಟೆ ಇದ್ದದ್ದು ಕಂಬಾರ ಓಣಿಯಲ್ಲಿ. ಕೂಡಲು ಹಾಸುಗಲ್ಲು, ತಲೆಯ ಮೇಲೆ ಬೇವಿನ ನೆರಳು, ಎದುರಿಗೆ ಮನೆಗಳು ಬಂದು ನಿಲ್ಲುವ ವಿಶಾಲವಾದ ಜಾಗ. ಅಕ್ಕ ಅಲ್ಲಿ ಕೂತಳು, ಬರೆದುಕೊಳ್ಳಲು ಜೊತೆಗೆ ನಾನು. ನಿಜವಾಗಿ ಸಂದರ್ಶನ ಅಂದರೇನು ಎಂದು ನಾನು ಕಲಿತದ್ದು ಆ ದಿನಗಳಲ್ಲಿ, ಪುಸ್ತಕದಿಂದಲ್ಲ. ನಾವೆಲ್ಲ ಪ್ರಶ್ನೆ ಕೇಳಿ, ಎದುರಿನವರು ತಡವರಿಸಿದರೆ ಉತ್ತರವನ್ನೂ ನಾವೇ ಅವರ ಬಾಯಿಗೆ ತುರುಕುವ ಜಾತಿ. ಅಕ್ಕ ಕೇಳಿದ ಮೇಲೆ ಸುಮ್ಮನಾಗುತ್ತಿದ್ದಳು. ಆ ಸುಮ್ಮನಿರುವಿಕೆಯಲ್ಲಿ ಅವಸರ ಇರುತ್ತಿರಲಿಲ್ಲ, ಮುಂದಿನ ಪ್ರಶ್ನೆಯ ಕಡೆ ಕಣ್ಣು ಓಡುತ್ತಿರಲಿಲ್ಲ. ಹೆಂಡತಿಯನ್ನು ಕೇಳಿದ ಪ್ರಶ್ನೆಗೆ ಗಂಡ ಒಳಗಿನಿಂದ ಉತ್ತರ ಕೊಟ್ಟರೆ, ಅದನ್ನೂ ಬರೆಸಿ, "ಇದು ನಿಮ್ಮದಾತ್ರಿ ಯಜಮಾನ್ರ. ಈಗ ಅವ್ವಾರು ತಮ್ಮದು ಹೇಳ್ಲಿ" ಎಂದು ನಗುನಗುತ್ತ ಕಾಯುತ್ತಿದ್ದಳು. ಒಬ್ಬ ಮುದುಕಿ ಅವರೆಕಾಳು ಸುಲಿಯುತ್ತ ಅರ್ಧ ಮೊರ ಮುಗಿಯುವವರೆಗೆ ಬಾಯಿ ಬಿಡಲಿಲ್ಲ. ಅಕ್ಕನೂ ಕಾಳು ಸುಲಿಯುತ್ತ ಕೂತಳು. ಆಮೇಲೆ ಆ ಮುದುಕಿ ತಾನಾಗಿ ಆಡಿದ ಮಾತು ಬರೆದುಕೊಳ್ಳಲು ನನ್ನ ಕೈ ಸಾಲದಾಯಿತು.

ಪುರಸಭೆಯ ಅಧ್ಯಕ್ಷ ಶಿವಯೋಗಪ್ಪನವರ ಕಿವಿಗೆ ಸುದ್ದಿ ಬಿದ್ದದ್ದು ಈ ಹೊತ್ತಿಗೇ. ಊರ ನಡುವಿನ ಹಳೆಯ ಹೆರಿಗೆ ಆಸ್ಪತ್ರೆಯನ್ನು ಮುಚ್ಚಿ ಆ ಕಟ್ಟಡವನ್ನು ಕಲ್ಯಾಣ ಮಂಟಪ ಮಾಡಬೇಕೆಂಬುದು ಅವರ ಆಸೆ. "ಅಲ್ಲಿ ಹಡಿಯಾಕ ಬರಾವ್ರೆಲ್ಲ ಸುತ್ತಲ ಹಳ್ಳಿಯವ್ರು. ನಮ್ಮೂರವ್ರು ಯಾರು ಹೊಕ್ಕಾರ?" ಎಂದು ಅವರು ಹೇಳುತ್ತ ಬಂದಿದ್ದರು. ಆಸ್ಪತ್ರೆಯ ಡಾಕ್ಟರಮ್ಮ ಹಾಗಲ್ಲ ಅನ್ನುತ್ತಿದ್ದರು. ವಿಳಾಸಕ್ಕೆ ಬೆಲೆಯೇ ಇಲ್ಲದ ಊರಲ್ಲಿ ಆಸ್ಪತ್ರೆಯವರು ಬಾಣಂತಿಯ ಹೆಸರಷ್ಟೇ ಬರೆದುಕೊಳ್ಳುತ್ತಿದ್ದರು, ಹೀಗಾಗಿ ಯಾರ ಮಾತು ಖರೆ ಎಂದು ತೋರಿಸುವ ದಾರಿ ಇಬ್ಬರಿಗೂ ಇರಲಿಲ್ಲ. ಅಕ್ಕನ ಪ್ರಶ್ನೆಗಳಲ್ಲಿ ಮನೆಯ ಮಕ್ಕಳು ಎಲ್ಲಿ ಹುಟ್ಟಿದರು ಎಂಬುದೂ ಒಂದು. ಶಿವಯೋಗಪ್ಪನವರು ಕಾಲೇಜಿಗೇ ಬಂದು, ದಾಕ್ಷಾಯಿಣಿಯ ವರದಿ ಏನು ಹೇಳುತ್ತದೋ ಪುರಸಭೆ ಹಾಗೇ ನಡೆಯುತ್ತದೆ ಎಂದು ಎಲ್ಲರೆದುರು ಮಾತು ಕೊಟ್ಟು ಹೋದರು. ಪ್ರಿನ್ಸಿಪಾಲರು ಅದೇ ಉತ್ಸಾಹದಲ್ಲಿ, ಫಲಿತಾಂಶ ಬಂದ ಕೂಡಲೇ ಖಾಲಿ ಇರುವ ಅಧ್ಯಾಪಕರ ಹುದ್ದೆ ಅವಳದೇ ಅಂದರು.

ವರದಿ ಸಿದ್ಧವಾಯಿತು. ಕಟ್ಟೆಯೆದುರು ಬಂದ ಮನೆಗಳಲ್ಲಿ ಹೆಚ್ಚುಕಡಿಮೆ ಯಾರೂ ಆ ಆಸ್ಪತ್ರೆಗೆ ಹೋದವರಲ್ಲ. ಖಾಸಗಿ ನರ್ಸಿಂಗ್ ಹೋಮು, ಇಲ್ಲವೇ ತವರೂರಿನ ದೊಡ್ಡ ಡಾಕ್ಟರು. ಡಾಕ್ಟರಮ್ಮನ ಮುಖ ನೆನೆದು ಅಕ್ಕ ಒಂದೆರಡು ದಿನ ಮಂಕಾಗಿದ್ದಳು. "ಖರೆ ಇದ್ದದ್ದನ್ನ ಬರಿಯಾಕ ಬೇಕಲ್ಲ ತಮ್ಮಾ" ಎಂದು ತನಗೆ ತಾನೇ ಹೇಳಿಕೊಂಡು ಒಪ್ಪಿಸಿ ಬಂದಳು.

ನಮ್ಮೂರಲ್ಲಿ ಎಂ.ಎ. ಮೌಖಿಕ ಪರೀಕ್ಷೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ನಡೆಯುವುದಿಲ್ಲ. ಪುರಸಭೆಯ ಅಂಗಳದಲ್ಲಿ ಹಾಡಹಗಲೇ ನಡೆಯುತ್ತದೆ. ಉತ್ತರ ಕೊಟ್ಟವರು ಬಂದು ಕೂತು, ತಮ್ಮ ಮಾತು ಏನಾಯಿತು ಎಂದು ಕೇಳಿಸಿಕೊಳ್ಳಬೇಕು ಎಂಬುದು ಮೊದಲಿಂದ ನಡೆದುಬಂದದ್ದು. ಅದರ ಹಿಂದಿನ ದಿನ ನಾನೂ ಅಕ್ಕನೂ ಸಂತೆಯ ಕಡೆಯಿಂದ ಬರುತ್ತಿದ್ದಾಗ ನನ್ನ ಸೈಕಲ್ಲಿನ ಹಿಂದಿನ ಗಾಲಿ ಪಂಕ್ಚರ್ ಆಯಿತು. ಎರಡು ಗೋದಾಮಿನ ನಡುವಿನ ಸಂದಿಯಲ್ಲಿ ಪಂಕ್ಚರ್ ಹಾಕುವ ಹಸನಸಾಬ ಇದ್ದ. ಅಂಗಡಿಯೂ ಅದೇ, ಮನೆಯೂ ಅದೇ. ಬಿಸಿಲು ಹೊರಗೆ ಸುಡುತ್ತಿತ್ತು. ಅವನ ಹೆಂಡತಿ ಫಾತಿಮಾ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಂದು, "ಒಳಗ ಬಂದು ನೀರರ ಕುಡೀರಿ ಅಕ್ಕಾರ" ಅಂದಳು.

ಅಕ್ಕ ಒಳಗೆ ಹೆಜ್ಜೆ ಇಟ್ಟವಳು ಬಾಗಿಲ ಮೇಲಿನ ಪಟ್ಟಿಗೆ ಹಣೆ ಢಬ್ಬನೆ ಹೊಡೆಸಿಕೊಂಡಳು. ಫಾತಿಮಾ ಗಾಬರಿಯಾಗಿ ತಣ್ಣೀರು ಹಚ್ಚಲು ಬಂದಳು. ಅಕ್ಕ ಹಣೆ ಒತ್ತಿಕೊಂಡು ಹೊಸ್ತಿಲಲ್ಲೇ ನಿಂತುಬಿಟ್ಟಳು. ಬಾಗಿಲನ್ನು ನೋಡಿದಳು, ಎರಡೂ ಕಡೆಯ ಗೋಡೆ ನೋಡಿದಳು. ಪೆಟ್ಟು ಜೋರಾಗಿಯೇ ಬಿದ್ದಿದೆ ಅಂದುಕೊಂಡೆ ನಾನು.

"ಕೂಸು ಎಲ್ಲಿ ಹುಟ್ಟಿತವಾ?" ಎಂದು ಮೆಲ್ಲಗೆ ಕೇಳಿದಳು.

"ಮತ್ತ ಎಲ್ರೀ ಅಕ್ಕಾರ, ಹೆರಿಗಿ ದವಾಖಾನ್ಯಾಗ. ಈ ಸಂದಿ ಮನಿಯಾವ್ರೆಲ್ಲ ಅಲ್ಲೇ ಹಡೀತೀವಿ. ಬ್ಯಾರೆ ಕಡೆ ನಮ್ಮನ್ನ ಯಾರು ಒಳಗ ಬಿಟ್ಕೊಳ್ತಾರ?"

ಅಕ್ಕ ಹೊರಗೆ ಬಂದು ನನ್ನ ಸೈಕಲ್ಲಿನ ಪಕ್ಕ ನೆಲದ ಮೇಲೆ ಕೂತಳು. "ಇಷ್ಟು ಬಾಗಿಲಾ ದಾಟೀನಿ ತಮ್ಮಾ. ನನ್ನಂಥಾ ಉದ್ದನ್ನ ಹೆಂಗಸು ಒಂದ್ ಬಾಗಿಲದಾಗೂ ತಲಿ ಬಗ್ಗಿಸಿಲ್ಲ. ನನಗ ಯಾಕ ತಿಳೀಲಿಲ್ಲ?"

ಆಗ ನನಗೂ ಹೊಳೆಯಿತು. ಕಟ್ಟೆಯ ಎದುರಿನ ಜಾಗ ದೊಡ್ಡದು. ದೊಡ್ಡ ಜಾಗಕ್ಕೆ ದೊಡ್ಡ ಮನೆಗಳೇ ಬಂದು ನಿಲ್ಲುತ್ತವೆ. ಗುಡಿಸಲುಗಳು, ತಗಡಿನ ಮನೆಗಳು ಗೋಡೆ ಗೋಡೆಯ ನಡುವೆ, ಗೋದಾಮಿನ ಹಿಂದೆ, ಕೆರೆ ಏರಿಯ ಕೆಳಗೆ ಎಲ್ಲಿ ಸಂದು ಸಿಕ್ಕರೆ ಅಲ್ಲಿ ತೂರಿಕೊಳ್ಳುತ್ತವೆ. ಅವೂ ದಿನಾ ಜಾಗ ಬದಲಿಸುತ್ತವೆ, ಆದರೆ ಸಂದಿಯಿಂದ ಸಂದಿಗೆ. ನಾವು ವರ್ಷವಿಡೀ ಕೂತಿದ್ದರೂ ಅವುಗಳಲ್ಲಿ ಒಂದೂ ನಮ್ಮೆದುರು ಬರುತ್ತಿರಲಿಲ್ಲ. ಕೂಡಲು ನೆರಳಿದೆ ಎಂದು ನಾವು ಆ ಜಾಗ ಹಿಡಿದಿದ್ದೆವು, ಅಷ್ಟಕ್ಕೇ ಅರ್ಧ ಊರು ನಮ್ಮ ಲೆಕ್ಕದಿಂದ ಬಿಟ್ಟುಹೋಗಿತ್ತು.

"ಅಕ್ಕಾರ, ಕಡೇ ಅಧ್ಯಾಯದಾಗ ಅಧ್ಯಯನದ ಮಿತಿಗಳು ಅಂತ ಇರ್ತೈತಲ್ರಿ, ಅಲ್ಲಿ ಒಂದು ಸಾಲು ಸೇರಿಸಿದ್ರಾತು. ಎಲ್ಲಾರೂ ಹಂಗ ಮಾಡ್ತಾರ. ಆ ಪುಟಾ ಯಾರೂ ಓದೂದುಲ್ಲ" ಅಂದೆ. ನನಗೆ ಅವಳ ಹುದ್ದೆಯದೇ ಚಿಂತೆ.

"ಇದು ಮಿತಿ ಅಲ್ಲೋ ತಮ್ಮಾ. ತಪ್ಪು."

ನಾವು ನೆಟ್ಟಗೆ ತೊರಗಲ್ ಸರ್ ಹತ್ತಿರ ಹೋದೆವು. ಅವರು ತಮ್ಮ ಪುಸ್ತಕದ ಅಚ್ಚಿನ ಹಾಳೆಗಳನ್ನು ಹರಡಿಕೊಂಡು ಕಟ್ಟೆ ಪದ್ಧತಿಯ ಅಧ್ಯಾಯವನ್ನೇ ತಿದ್ದುತ್ತಿದ್ದರು. ಅಕ್ಕ ಹೇಳುತ್ತ ಹೋದಂತೆ ಅವರ ಮುಖದ ಬಣ್ಣ ಇಳಿಯಿತು. ಮೊದಲು ಸಿಟ್ಟಿಗೆದ್ದರು. "ಈಗ ಹೇಳ್ತೀ? ನಾಳೆ ಊರೆಲ್ಲ ಬರ್ತೈತಿ!" ಎಂದು ಗದರಿದರು. ಅಕ್ಕ ಎದುರಾಡಲಿಲ್ಲ, ಹೋಗಲೂ ಇಲ್ಲ. ಮನೆ ಮನೆಯಲ್ಲಿ ಕಾಯುತ್ತಿದ್ದ ಹಾಗೆಯೇ ಕಾದಳು. ಸ್ವಲ್ಪ ಹೊತ್ತಿನ ಮೇಲೆ ಸರ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ನೋಡವಾ, ಇದನ್ನ ನಾಳೆ ಅಲ್ಲಿ ಹೇಳಿದಿ ಅಂದ್ರ ನಿಯಮದ ಪ್ರಕಾರ ನಾ ನಿನ್ನ ಪಾಸ್ ಮಾಡಾಕ ಬರೂದುಲ್ಲ. ಒಂದು ವರ್ಷ ಹೊಕ್ಕೈತಿ. ಆ ಹುದ್ದೆ ನಿನಗಂತ ಯಾರೂ ಕಾಯೂದುಲ್ಲ. ಬಸ್ ಸ್ಟ್ಯಾಂಡಿನ ಕೆಲಸಾನೂ ಬಿಟ್ಟು ಬಂದೀದಿ. ಹೇಳಲಿಲ್ಲಂದ್ರ ದವಾಖಾನಿ ಹೊಕ್ಕೈತಿ. ನಾ ಹೇಳಿಕೊಡೂದು ಏನೂ ಉಳಿದಿಲ್ಲ. ನೀನ ವಿಚಾರ ಮಾಡು."

ಮರುದಿನ ಪುರಸಭೆಯ ಅಂಗಳ ತುಂಬಿತ್ತು. ಮುಂದಿನ ಸಾಲಿನಲ್ಲಿ ಕಟ್ಟೆಯೆದುರು ಬಂದು ಹೋದ ಮನೆಗಳವರು, ರೇಷ್ಮೆ ಸೀರೆ, ಇಸ್ತ್ರಿ ಮಾಡಿದ ಅಂಗಿ. ಡಾಕ್ಟರಮ್ಮ ಒಂದು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಕಂಪೌಂಡಿನ ಹೊರಗೆ ಫಾತಿಮಾ, ಅವಳ ಜೊತೆ ಸಂದಿ ಮನೆಗಳ ಇನ್ನಷ್ಟು ಹೆಂಗಸರು. ತಾವು ಉತ್ತರ ಕೊಟ್ಟವರಲ್ಲ, ಹೀಗಾಗಿ ಒಳಗೆ ಬರುವ ಹಕ್ಕು ತಮಗಿಲ್ಲ ಎಂದು ಅವರು ಹೊರಗೇ ನಿಂತಿದ್ದರು. ತೊರಗಲ್ ಸರ್ ಪರೀಕ್ಷಕರ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಅವರು ಒಂದೂ ಪ್ರಶ್ನೆ ಕೇಳುವ ಮೊದಲೇ ಶಿವಯೋಗಪ್ಪನವರು ಎದ್ದು ನಿಂತರು.

"ಉದ್ದ ಬ್ಯಾಡವಾ, ಒಂದ ಮಾತು ಹೇಳಿಬಿಡು. ನಮ್ಮೂರ ಮಂದಿ ಆ ದವಾಖಾನಿಗೆ ಹೊಕ್ಕಾರೋ ಇಲ್ಲೋ?"

ಅಕ್ಕ ಎದ್ದಳು. ಅವಳ ಹಣೆಯ ಮೇಲೆ ಬುಗುಟು ಇನ್ನೂ ಇಳಿದಿರಲಿಲ್ಲ.

"ಗೊತ್ತಿಲ್ರಿ" ಅಂದಳು.

ಅಂಗಳದಲ್ಲಿ ಗುಜುಗುಜು ಎದ್ದಿತು. ಓದಿದವರು ಊರೆದುರು ನಿಂತು ಹಾಗೆ ಹೇಳಿದ್ದನ್ನು ನಮ್ಮೂರಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ. ಅಕ್ಕ ಗಲಾಟೆ ತಣ್ಣಗಾಗುವವರೆಗೆ ಕಾದು, ತಾನು ಎಲ್ಲಿ ಕೂತಿದ್ದೆ, ಯಾಕೆ ಕೂತಿದ್ದೆ, ಅಲ್ಲಿಗೆ ಎಂಥ ಮನೆ ಬಂದವು, ಎಂಥವು ಬರಲಿಲ್ಲ ಎಂದು ಒಂದೊಂದಾಗಿ ಬಿಡಿಸಿ ಹೇಳಿದಳು. ಕೆಟ್ಟುನಿಂತ ಬಸ್ಸಿನ ಸುದ್ದಿಯನ್ನು ಕಾದು ಕೂತ ಜನಕ್ಕೆ ಹೇಳುವಷ್ಟೇ ಸ್ಪಷ್ಟವಾಗಿ ಹೇಳಿದಳು. "ದೊಡ್ಡ ಬಾಗಿಲದಾವ್ರು ಹೋಗೂದುಲ್ಲ, ಅಷ್ಟು ಗೊತ್ತೈತ್ರಿ. ಸಣ್ಣ ಬಾಗಿಲದಾವ್ರನ್ನ ನಾ ಕೇಳ ಇಲ್ಲ. ಕೇಳದ ಇದ್ದಾವ್ರ ಪರವಾಗಿ ಹೇಳಾಕ ನನಗ ಬರೂದುಲ್ಲ."

ಶಿವಯೋಗಪ್ಪನವರ ಮುಖ ಕೆಂಪಾಯಿತು. "ಎರಡು ವರ್ಷ ಓದಿ ಕಡೀಕ ಗೊತ್ತಿಲ್ಲ ಅನ್ನೂದನ್ನ ಕಲತಿ ಏನವಾ?"

"ಹೌದ್ರಿ ಸಾಹೇಬ್ರ. ಅದನ್ನ ಕಲಿಯಾಕ ನನಗ ಎರಡು ವರ್ಷ ಬೇಕಾತ್ರಿ."

ಮೊದಲು ನಕ್ಕವಳು ಅವರೆಕಾಳಿನ ಮುದುಕಿ. ಆಮೇಲೆ ಕಂಪೌಂಡಿನ ಹೊರಗಿನ ಹೆಂಗಸರು. ಆ ನಗೆಯಲ್ಲಿ ಕುಹಕ ಇರಲಿಲ್ಲ. ನಾಚಿಕೆಯಿಲ್ಲದೆ ಹೇಳುತ್ತೇನೆ, ನಾನು ಅತ್ತುಬಿಟ್ಟೆ. ವರದಿ ಏನು ಹೇಳುತ್ತದೋ ಹಾಗೆ ನಡೆಯುತ್ತೇನೆ ಎಂದು ಮಾತು ಕೊಟ್ಟಿದ್ದ ಅಧ್ಯಕ್ಷರು ಅಷ್ಟು ಜನರೆದುರು ಹಿಂದೆ ಸರಿಯುವಂತಿರಲಿಲ್ಲ. ಗೊತ್ತಾಗುವವರೆಗೆ ಆಸ್ಪತ್ರೆಗೆ ಕೈ ಹಚ್ಚುವುದಿಲ್ಲ ಎಂದು ಗೊಣಗಿ ಕೂತರು. ತೊರಗಲ್ ಸರ್ ಅಂಕಪಟ್ಟಿಯಲ್ಲಿ ಅನುತ್ತೀರ್ಣ ಎಂದು ಬರೆದು ಎದ್ದು ಹೋದರು. ಅವರ ನಡಿಗೆ ನೋಡಿ ನನಗೆ ಹೆದರಿಕೆಯಾಯಿತು.

ಆಸ್ಪತ್ರೆ ಈಗಲೂ ಇದೆ, ನನ್ನ ಮಗಳು ಹುಟ್ಟಿದ್ದು ಅಲ್ಲೇ. ಅಧ್ಯಾಪಕರ ಹುದ್ದೆ ಪರವೂರಿನ ಒಬ್ಬರಿಗೆ ಹೋಯಿತು. ಅಕ್ಕ ಮತ್ತೆ ಒಂದು ವರ್ಷದ ಫೀ ತುಂಬಿದಳು. ಇದೆಲ್ಲ ಆಮೇಲಿನ ಮಾತು.

ಪರೀಕ್ಷೆಯ ಮರುದಿನ ಬೆಳಿಗ್ಗೆ ಅವಳೂ ನಾನೂ ಕೆರೆ ಏರಿಯ ಕೆಳಗಿನ ಸಂದಿಗೆ ಹೋದೆವು. ಅಲ್ಲಿ ಕಟ್ಟೆಯಿಲ್ಲ, ನೆರಳಿಲ್ಲ, ಚರಂಡಿಯ ನಾತ ಬೇರೆ. ನಮಗಿಂತ ಮೊದಲೇ ಯಾರೋ ಗೋಣಿಚೀಲ ಹಾಸಿಕೊಂಡು, ಕೊಡೆ ಬಿಚ್ಚಿಕೊಂಡು ಕೂತಿದ್ದರು. ಹತ್ತಿರ ಹೋಗಿ ನೋಡಿದರೆ ತೊರಗಲ್ ಸರ್. ಅವರ ಎದುರಿಗೆ ಒಂದು ತಗಡಿನ ಮನೆ ಆಗತಾನೇ ಬಂದು ನಿಂತ ಹಾಗಿತ್ತು, ಒಳಗೆ ಯಾರೋ ಒಲೆ ಊದುತ್ತಿದ್ದರು. ಸರ್ ಚೀಲದ ಮೇಲೆ ಸ್ವಲ್ಪ ಸರಿದು ಅಕ್ಕನಿಗೆ ಜಾಗ ಮಾಡಿಕೊಟ್ಟರು. ನನ್ನ ಕೈಯಲ್ಲಿದ್ದ ಹಾಳೆ, ಪೆನ್ನು ಎರಡನ್ನೂ ತಾವೇ ತೆಗೆದುಕೊಂಡರು.

"ಹೋಗವಾ, ಕದಾ ಬಡಿ" ಅಂದರು. "ನೀ ಕೇಳು. ನಾ ಬರಕೊಳ್ತೀನಿ."